ಹ್ಯೂಬ್ರಿಸ್ ಅಂದರೆ ಬರೀ ಸೊಕ್ಕಲ್ಲ

ಮುಂಬೈಯ ಡೊಂಬಿವ್ಲಿ ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ಬಂದ ನಾಲ್ಕನೆಯವರಿಗೆ ಸರಿದು ಜಾಗ ಕೊಡದವನ ಸೊಕ್ಕಿಗೆ ಇಂಗ್ಲಿಷಿನ ‘ಹ್ಯೂಬ್ರಿಸ್’ (hubris) ಅನ್ನಬಹುದೇ ಎಂದು ಕೇಳಿದ್ದೀರಿ. ಬೇಡ, ಅದಕ್ಕೆ ‘ಆರೊಗನ್ಸ್’ ಸಾಕು. ಅಲ್ಲಿನ ಮರಾಠಿಯವರು ‘ಮಾಜ್’ ಅನ್ನುತ್ತಾರಲ್ಲ, ಅದೇ. ಹ್ಯೂಬ್ರಿಸ್ ಅನ್ನಲು ತನ್ನ ಮಿತಿಯನ್ನೇ ಮರೆಸುವ ಮದ ಇರಬೇಕು, ಆ ಮದವೇ ಮುಳುವಾಗುವ ಸೂಚನೆಯೂ ಇರಬೇಕು. ರಾವಣ ಕೇಳಿದ ವರ ನೋಡಿ: ದೇವ ದಾನವರಿಂದ ಸಾವು ಬೇಡವೆಂದ, ಮನುಷ್ಯರನ್ನು ಹುಲ್ಲಿಗೆ ಸಮವೆಂದು ಪಟ್ಟಿಯಿಂದಲೇ ಬಿಟ್ಟ. ಬಿಟ್ಟ ಆ ಸಂದಿನಲ್ಲೇ ರಾಮ ಬಂದ. ಅಪ್ಪಟ ಹ್ಯೂಬ್ರಿಸ್!

ಪದದ ಮೂಲ ಗ್ರೀಕ್. ಪ್ರಾಚೀನ ಅಥೆನ್ಸ್‌ನಲ್ಲಿ ಅದು ಶಿಕ್ಷಾರ್ಹ ಅಪರಾಧ. ಲಾಭಕ್ಕಲ್ಲ, ಬರೀ ಸುಖಕ್ಕಾಗಿ ಇನ್ನೊಬ್ಬರ ಮಾನ ಕಳೆಯುವುದು ಎಂದು ಅರಿಸ್ಟಾಟಲ್ ವಿವರಿಸಿದ್ದಾನೆ. ಇಂದಿನ ಇಂಗ್ಲಿಷಿನಲ್ಲಿ ಆ ಅರ್ಥ ಉಳಿದಿಲ್ಲ.

ಹೆಚ್ಚಿನವರು ಎಡವುವುದು ವ್ಯಾಕರಣದಲ್ಲಿ. ‘ಹಿ ಈಸ್ ಹ್ಯೂಬ್ರಿಸ್’ ತಪ್ಪು, ಅದು ನಾಮಪದ. ‘ಹಿ ಈಸ್ ಹ್ಯೂಬ್ರಿಸ್ಟಿಕ್’ ಸರಿ. ‘ಹ್ಯೂಬ್ರಿಸ್’ಗೆ ಮೊದಲು ‘ಎ’ (a) ಹಚ್ಚಬೇಡಿ, ಬಹುವಚನವೂ ಬೇಡ. ಒತ್ತು ‘ಹ್ಯೂ’ ಮೇಲೆ. ಮಗಳ ರ‍್ಯಾಂಕಿನ ಬಗೆಗಿನ ಹೆಮ್ಮೆಗೆ ಇದನ್ನು ಬಳಸಿದರೆ ಬೈದಂತೆ. ಅಲ್ಲಿ ‘ಪ್ರೈಡ್’ ಬರೆಯಿರಿ. ಕನ್ನಡದಲ್ಲಿ ‘ಅಹಂಕಾರ’ಕ್ಕಿಂತ ‘ಮದ’ ಇದಕ್ಕೆ ಹತ್ತಿರ.