ಬೆಂಗಳೂರಿನಲ್ಲಿ ಕೀಪ್ಯಾಡ್ ಫೋನ್ ಒಂದೇ ಸಾಕಾ?

ಊರಿನಿಂದ ಬರುತ್ತಿರುವ ನಿಮ್ಮ ತಂದೆಗೆ ಸ್ಮಾರ್ಟ್‌ಫೋನ್ ಬೇಡವೇ ಬೇಡವಂತೆ. ಅದಿಲ್ಲದೆ ಅವರು ಬೆಂಗಳೂರಿನಲ್ಲಿ ಓಡಾಡಿಕೊಂಡು ಇರಬಹುದಾ ಅಂತ ಕೇಳಿದ್ದೀರಿ. ಇರಬಹುದು. ನಾನೇ ಮೂರು ವರ್ಷದಿಂದ ಇದ್ದೇನೆ. ನನ್ನ ಫೋನ್ ಬಸ್ಸಿನಲ್ಲಿ ಕಳುವಾಯಿತು. ಹೊಸದು ತರುವವರೆಗೆ ಇರಲಿ ಅಂತ ಕೀಪ್ಯಾಡ್ ಸೆಟ್ ತಂದೆ. ಹೊಸದು ತರಲೇ ಇಲ್ಲ. (ಈ ಉತ್ತರ ಮನೆಯ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೇನೆ. ನಾನೇನೂ ಸನ್ಯಾಸಿ ಅಲ್ಲ.)

ಎಲ್ಲರೂ ಮೊದಲು ಕೇಳುವುದು ದುಡ್ಡಿನ ವಿಷಯ. ದುಡ್ಡಿಗಿಂತ ಚಿಲ್ಲರೆಯದೇ ದೊಡ್ಡ ಗೋಳು. 2016ರಲ್ಲಿ ಯುಪಿಐ ಬಂತು. ಆಮೇಲೆ ಅಂಗಡಿಗಳ ಗಲ್ಲಾದಲ್ಲಿ ಹತ್ತು ಇಪ್ಪತ್ತರ ನೋಟು ಕಾಣುವುದೇ ಅಪರೂಪ. ನಮ್ಮ ಬೀದಿಯ ಸೊಪ್ಪಿನ ಅಜ್ಜಿಗೆ ನೂರರ ನೋಟು ಕೊಟ್ಟರೆ, "ಫೋನ್‌ಪೇ ಮಾಡಪ್ಪ" ಅನ್ನುತ್ತಾರೆ. ಇಲ್ಲಮ್ಮ ಅಂದರೆ, "ಹಂಗಾದ್ರೆ ನಾಳೆ ಕೊಡು." ಹೀಗೆ ನಾನು ಮೂರು ಅಂಗಡಿಗಳಲ್ಲಿ ಸಾಲಗಾರ.

ಬಸ್ಸಿನಲ್ಲಿ ಐನೂರರ ನೋಟು ತೆಗೆದಿರೋ, ಕಂಡಕ್ಟರ್ ನಿಮ್ಮನ್ನೊಮ್ಮೆ ನೋಡಿ, ಟಿಕೆಟ್ ಹಿಂದೆ 470 ಅಂತ ಗೀಚಿ, ಸುತ್ತ ಒಂದು ಸೊನ್ನೆ ಸುತ್ತಿ ಕೈಗಿಡುತ್ತಾರೆ. ಇಳಿಯುವಾಗ ನೆನಪಿಟ್ಟು ಕೇಳುವುದು ನಮ್ಮ ಕೆಲಸ. ನಾನು ಒಮ್ಮೆ ಮರೆತು ಇಳಿದಿದ್ದೇನೆ. ಅದಕ್ಕೇ ಈಗ ಎಟಿಎಂನಲ್ಲಿ ಐನೂರು ಒತ್ತುವುದಿಲ್ಲ, ನಾನೂರು ಒತ್ತುತ್ತೇನೆ. ನೂರು, ಇನ್ನೂರರ ನೋಟುಗಳೇ ಬರುತ್ತವೆ. ಮೆಟ್ರೋಗೆ ಕಾರ್ಡ್ ಮಾಡಿಸಿಬಿಡಿ, ಕೌಂಟರಿನಲ್ಲಿ ನಗದು ಕೊಟ್ಟು ತುಂಬಿಸಬಹುದು.

2025ರ ಜುಲೈ ಮಾತ್ರ ನಮ್ಮಂಥವರ ತಿಂಗಳು. ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋಯಿತಲ್ಲ, ಆಗ ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಚೀಟಿ ಬಿತ್ತು. ಸ್ಕ್ಯಾನರ್ ಹುಡುಕುತ್ತಾ ಪೆಚ್ಚಾಗಿ ನಿಂತಿದ್ದ ಹುಡುಗನೊಬ್ಬನಿಗೆ ಕಾಫಿ ದುಡ್ಡು ನಾನೇ ಕೊಟ್ಟೆ. ಆ ಖುಷಿ ಇನ್ನೂ ಇಳಿದಿಲ್ಲ.

ಕೀಪ್ಯಾಡ್ ಫೋನಿನಲ್ಲೂ ಯುಪಿಐ ಇದೆ ಅಂತ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬ್ಯಾಂಕಿಗೆ ಕೊಟ್ಟ ನಂಬರಿನಿಂದ *99# ಒತ್ತಿದರೆ ಸಾಕು, ಇಂಟರ್ನೆಟ್ ಬೇಡ. ಒಂದು ಸಲಕ್ಕೆ 5,000 ರೂಪಾಯಿವರೆಗೆ ಕಳಿಸಬಹುದು. 2022ರಲ್ಲಿ ರಿಸರ್ವ್ ಬ್ಯಾಂಕ್ ಶುರುಮಾಡಿದ, ಕರೆ ಮಾಡಿಯೇ ದುಡ್ಡು ಕಳಿಸಬಹುದಾದ ಯುಪಿಐ 123ಪೇ ಇನ್ನೊಂದು ದಾರಿ. ಆದರೆ *99#ನಲ್ಲಿ ಕ್ಯೂಆರ್ ಸ್ಕ್ಯಾನ್ ಇಲ್ಲ. ಅಂಗಡಿಯವನ ನಂಬರ್ ಕೇಳಿ, ಹತ್ತೂ ಅಂಕಿ ಒತ್ತಿ ಮುಗಿಸುವಷ್ಟರಲ್ಲಿ ಹಿಂದೆ ನಿಂತವರು ಗೊಣಗುತ್ತಾರೆ. ಮನೆಬಾಡಿಗೆ ಕಂತು ಕಂತಾಗಿ ಕಳಿಸಲು ಸರಿ, ಬಾಳೆಹಣ್ಣಿಗೆ ಅಲ್ಲ.

ಕರೆಂಟ್ ಬಿಲ್ಲಿಗೆ ಸರ್ಕಾರದ ಬೆಂಗಳೂರು ಒನ್ ಕೇಂದ್ರ ಇದೆ. ಗ್ಯಾಸ್ ಮಿಸ್ಡ್ ಕಾಲ್‌ನಲ್ಲೇ ಬುಕ್ ಆಗುತ್ತದೆ. ಓಟಿಪಿ ಎಸ್‌ಎಂಎಸ್‌ನಲ್ಲಿ ಬರುತ್ತದೆ. ಎದುರಿಗೆ ಒಬ್ಬ ಮನುಷ್ಯ ಕೂತಿದ್ದರೆ ಹೇಗೋ ಕೆಲಸ ಆಗುತ್ತದೆ. ಮನುಷ್ಯನೇ ಇಲ್ಲದ ಕಡೆ ನಾನು ಹೆಂಡತಿಯ ಫೋನಿಗೆ ಜೋತುಬೀಳುತ್ತೇನೆ. ಮಗಳ ಶಾಲೆಯ ಗ್ರೂಪು, ಅಪಾರ್ಟ್‌ಮೆಂಟಿನ ಗೇಟ್ ಆ್ಯಪು, ಎಲ್ಲ ಅವಳ ತಲೆ ಮೇಲೆ. "ಇಲ್ಲದ ನಿಮ್ಮ ಫೋನನ್ನೂ ನಾನೇ ನೋಡ್ಕೋಬೇಕು" ಅನ್ನುತ್ತಾಳೆ. ನಿಮ್ಮ ಮನೆಯಲ್ಲಿ ಆ ಪಾಳಿ ನಿಮಗೆ ಬರುತ್ತದೆ, ತಯಾರಾಗಿರಿ.

ಆಸ್ಪತ್ರೆಗೆ ಮಾತ್ರ ತಂದೆಯನ್ನು ಒಬ್ಬರನ್ನೇ ಕಳಿಸಬೇಡಿ. ಕಳೆದ ವರ್ಷ ರಕ್ತ ಪರೀಕ್ಷೆಗೆ ಹೋಗಿದ್ದೆ. ಹೆಸರು ಬರೆಸಲು ಕೌಂಟರ್ ಇಲ್ಲ, ಗೋಡೆಯ ಮೇಲೊಂದು ಕ್ಯೂಆರ್ ಕೋಡ್. ಸುಮ್ನೆ ನಿಂತಿದ್ದವನನ್ನು ನೋಡಿ ಸೆಕ್ಯೂರಿಟಿ ಹುಡುಗ ಪಾಪ ತನ್ನ ಫೋನಿನಲ್ಲೇ ಎಲ್ಲ ತುಂಬಿಸಿ ಕೊಟ್ಟ. ನನ್ನ ನಂಬರನ್ನೂ ಬರೆದುಕೊಂಡ. ಸಂಜೆ ಅವನದೇ ಕರೆ: "ಸಾರ್, ನಿಮ್ ರಿಪೋರ್ಟ್ ನನ್ ವಾಟ್ಸಾಪಿಗೆ ಬಂದೈತೆ. ಶುಗರ್ ಸ್ವಲ್ಪ ಜಾಸ್ತಿ ಐತಂತೆ. ಸ್ವೀಟ್ ಗೀಟ್ ತಿನ್ಬೇಡಿ."