ಬಿದ್ದ ಬೆಕ್ಕಿಗೆ ಬೇಕಿರುವುದು ಹಾಲಲ್ಲ, ರಟ್ಟಿನ ಡಬ್ಬ

ಪ್ರಶ್ನೆ: ನಮ್ಮ ಬೀದಿಯಲ್ಲಿ ಬೆಕ್ಕೊಂದಕ್ಕೆ ಬೈಕ್ ಬಡಿಯಿತು. ಅಕ್ಕಪಕ್ಕದವರು ಸೇರಿ ಹಾಲು ಕುಡಿಸಿ, ಅರಿಶಿನ ಮೆತ್ತಿ, ನೋವಿಗೆಂದು ಅರ್ಧ ಪ್ಯಾರಾಸಿಟಮಾಲ್ ಕೊಟ್ಟೆವು. ಮಾರನೇ ದಿನ ಮುಖ ಊದಿ ಸತ್ತುಹೋಯಿತು. ಒಳಪೆಟ್ಟಾಗಿತ್ತೇ?

ಒಳಪೆಟ್ಟೂ ಆಗಿರಬಹುದು. ಆದರೆ ಮುಖ ಊದುವುದು ಪ್ಯಾರಾಸಿಟಮಾಲ್ ವಿಷದ ಗುರುತು. ತಿಂಗಳಿಗೊಮ್ಮೆಯಾದರೂ ಇದನ್ನೇ ಬರೆಯುತ್ತಿದ್ದೇನೆ: ಡೋಲೋ, ಕ್ರೋಸಿನ್, ಯಾವ ಹೆಸರಿನಲ್ಲೇ ಬರಲಿ, ಬೆಕ್ಕಿಗೆ ಅದು ವಿಷ. ಆ ಔಷಧವನ್ನು ಕರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಲಿವರ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಉಳಿದ ವಿಷ ರಕ್ತವನ್ನು ಕೆಡಿಸಿ, ಅದು ಆಮ್ಲಜನಕ ಹೊರದಂತೆ ಮಾಡುತ್ತದೆ. ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ. ಮೂರು ಕಿಲೋ ಬೆಕ್ಕನ್ನು ಕೊಲ್ಲಲು 500 ಮಿ.ಗ್ರಾಂ. ಮಾತ್ರೆಯ ಅರ್ಧವೇ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ. ಕೊಟ್ಟುಬಿಟ್ಟಿದ್ದರೆ ನಾಚಿಕೊಳ್ಳದೆ ವೈದ್ಯರಿಗೆ ಹೇಳಿ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ, ಆದರೆ ಮೊದಲ ಕೆಲವು ಗಂಟೆಗಳಲ್ಲೇ ಬೀಳಬೇಕು.

ಮುಂದಿನ ಸಲ ಹೀಗೆ ಮಾಡಿ. ಒಬ್ಬರು ರಸ್ತೆಯಲ್ಲಿ ನಿಂತು ಗಾಡಿ ತಡೆಯಲಿ, ಒಬ್ಬರು ಕ್ಲಿನಿಕ್‌ಗೆ ಫೋನ್ ಮಾಡಿ ಎಕ್ಸ್‌ರೇ ಇದೆಯೇ ಎಂದು ಕೇಳಲಿ, ಮಿಕ್ಕವರು ದೂರ ಸರಿಯಲಿ. ದಪ್ಪ ಟವೆಲನ್ನು ತಲೆ ಸಮೇತ ಮೇಲೆ ಹಾಕಿ, ಭುಜದ ಕೆಳಗೊಂದು, ಸೊಂಟದ ಕೆಳಗೊಂದು ಕೈ ಕೊಟ್ಟು, ಬೆನ್ನು ಬಾಗದಂತೆ ಎತ್ತಿ ರಟ್ಟಿನ ಡಬ್ಬದಲ್ಲಿಡಿ. ಕತ್ತು ಹಿಡಿದು ನೇತಾಡಿಸಬೇಡಿ. ಗಾಳಿಗೆ ತೂತು ಮಾಡಿ, ಮುಚ್ಚಿ. ಕತ್ತಲಾದರೆ ಬೆಕ್ಕಿಗೆ ಗಾಬರಿ ಕಡಿಮೆ. ಕಿವಿ, ಪಾದ ತಣ್ಣಗಿದ್ದರೆ ಬಿಸಿನೀರಿನ ಬಾಟಲಿಯನ್ನು ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಮೈಗೆ ನೇರ ತಾಗಿಸಬೇಡಿ.

ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದು ಕುಳಿತಂತೆಯೇ ಇರಲಿ, ಅಂಗಾತ ಮಲಗಿಸಬೇಡಿ. ಪೆಟ್ಟು ಬಿದ್ದು ವಪೆ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಹರಿದಿದ್ದರೆ ಲಿವರ್, ಕರುಳು ಎದೆಗೂಡಿಗೆ ನುಗ್ಗಿರುತ್ತವೆ; ಮಲಗಿಸಿದರೆ ಅವು ಶ್ವಾಸಕೋಶವನ್ನು ಇನ್ನಷ್ಟು ಅದುಮುತ್ತವೆ. ಹಾಲು, ನೀರು, ಏನನ್ನೂ ಬಾಯಿಗೆ ಸುರಿಯಬೇಡಿ. ಅರೆಪ್ರಜ್ಞೆಯಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅರಿವಳಿಕೆ ಕೊಡುವಾಗ ವಾಂತಿಯ ಅಪಾಯವೂ ಇದೆ.

ಬಿದಿರು ಚಕ್ಕೆ ಇಟ್ಟು ಮೂಳೆ ಕಟ್ಟುವವರ ಬಳಿ ದಯವಿಟ್ಟು ಒಯ್ಯಬೇಡಿ. ತೊಡೆಮೂಳೆ ಮುರಿದಾಗ ಆ ಕಟ್ಟು ಮುರಿದ ಜಾಗಕ್ಕೇ ಮುಗಿದು ಸನ್ನೆಕೋಲಿನಂತೆ ಮೂಳೆಯನ್ನು ಮೀಟುತ್ತದೆ. ಬಿಗಿಯಾದರಂತೂ ಕಾಲೇ ಕೊಳೆಯುತ್ತದೆ.

‘ಎದ್ದು ಓಡಿತು, ಸರಿಹೋಯಿತು’ ಎಂದು ಬಿಡುವವರೂ ಇದ್ದಾರೆ. ಗಾಬರಿಯಲ್ಲಿ ಮುರಿದ ಕಾಲಿನ ಬೆಕ್ಕೂ ಓಡುತ್ತದೆ. ಸಿಕ್ಕಿದರೆ 24 ಗಂಟೆಯೊಳಗೆ ಮೂತ್ರ ಮಾಡುತ್ತದೆಯೇ ನೋಡಿ. ಇಲ್ಲದಿದ್ದರೆ ಮೂತ್ರಕೋಶ ಒಡೆದಿರಬಹುದು. ಹೆಣ್ಣಾದರೆ ಹೊಟ್ಟೆ ನೋಡಿ: ಮೊಲೆ ಉಬ್ಬಿ ಸುತ್ತಲಿನ ಕೂದಲು ಉದುರಿದ್ದರೆ ಹತ್ತಿರದಲ್ಲೆಲ್ಲೋ ಮರಿಗಳಿವೆ. ಹುಡುಕುವ ಕೆಲಸವನ್ನು ಅಕ್ಕಪಕ್ಕದವರು ಹಂಚಿಕೊಳ್ಳಲಿ.

ಪ್ರಶ್ನೆ: ಗಾಯದಲ್ಲಿ ಹುಳು ಬಿದ್ದಿದೆ, ಸೀಮೆಎಣ್ಣೆ ಹಾಕಬಹುದೇ?

ಬೇಡ. ಫಿನಾಯಿಲ್, ಡೆಟಾಲ್ ಕೂಡ ಬೇಡ. ಬೆಕ್ಕು ನೆಕ್ಕಿಕೊಂಡು ಅದನ್ನೇ ಕುಡಿಯುತ್ತದೆ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಸಪಾಟು ಟೀ ಚಮಚ ಉಪ್ಪು ಬೆರೆಸಿ ತೊಳೆದು, ಹುಳು ತೆಗೆಯಲು ವೈದ್ಯರಲ್ಲಿಗೆ ಒಯ್ಯಿರಿ.

ಪ್ರಶ್ನೆ: ಎತ್ತುವಾಗ ಪರಚಿತು. ಸಾಕಿದ ಬೆಕ್ಕಿನಂತೆ ಕಾಣುತ್ತಿತ್ತು, ಸೂಜಿ ಬೇಕೇ?

ಕಾಣುವುದರಿಂದ ರೇಬೀಸ್ ಗೊತ್ತಾಗುವುದಿಲ್ಲ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಇವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬಗ್ಗೆಯೂ ಕೇಳಿ. ಖಾರದಪುಡಿ, ಸುಣ್ಣ ಹಚ್ಚಿಕೊಂಡು ಬರಬೇಡಿ.

ಪ್ರಶ್ನೆ: ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಕ್ಷಯ ಬರುತ್ತದಂತೆ?

ಇಲ್ಲ.