ಜೀವಕೋಶದ ಪೊರೆಯನ್ನು ಬಾಗಿಸುವುದು ಯಾವುದು?

ಪ್ರಶ್ನೆ: ಜೀವಕೋಶವು ಹೊರಗಿನ ವಸ್ತುವನ್ನು ಒಳಕ್ಕೆ ಸೆಳೆದುಕೊಳ್ಳುವಾಗ ಅದರ ಪೊರೆ ಒಳಮುಖವಾಗಿ ಬಾಗಿ, ವೆಸಿಕಲ್ ಎಂಬ ಕಿರುಚೀಲವಾಗಿ ಬೇರ್ಪಡುತ್ತದೆ ಎಂದು ಓದಿದ್ದೇನೆ. ಪೊರೆ ತಾನಾಗಿಯೇ ಬಾಗುತ್ತದೆಯೇ? ಪ್ರೋಟೀನುಗಳು ಬಾಗಿಸುತ್ತವೆ ಎನ್ನುವುದಾದರೆ ಅದಕ್ಕೆ ಪುರಾವೆ ಏನು?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಪುರಾವೆ ಕೇಳಿದ್ದು ಬಹಳ ಸಂತೋಷ. ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರ್, ವೆಸಿಕಲ್‌ನ ಅಡ್ಡಳತೆ ಸಾಮಾನ್ಯವಾಗಿ 100 ನ್ಯಾನೊಮೀಟರಿನ ಆಸುಪಾಸು. ಇಷ್ಟು ಬಿಗಿಯಾದ ತಿರುವಿಗೆ ಪೊರೆಯ ಎರಡು ಲಿಪಿಡ್ (ಕೊಬ್ಬಿನಂಥ ಅಣುಗಳ) ಪದರಗಳು ಸುಲಭವಾಗಿ ಮಣಿಯುವುದಿಲ್ಲವಾದ್ದರಿಂದ ಪ್ರೋಟೀನುಗಳು ಬಲ ಹಾಕಲೇಬೇಕಾಗುತ್ತದೆ.

ಅವು ಬಲ ಹಾಕುವ ರೀತಿ ಒಂದೇ ಅಲ್ಲ. ಎಪ್ಸಿನ್ ಎಂಬ ಪ್ರೋಟೀನಿನ ಒಂದು ತುದಿ ಸುರುಳಿಗೊಂಡು ಪೊರೆಯ ಒಳಪದರದ ಲಿಪಿಡ್‌ಗಳ ನಡುವೆ ತೂರಿಕೊಳ್ಳುತ್ತದೆ. ಆ ಪದರ ಹಿಗ್ಗಿದಾಗ ಪೊರೆ ಕೋಶದ ಒಳಕ್ಕೆ ಉಬ್ಬುತ್ತದೆ. ಬಾರ್ ಗುಂಪಿನ ಹಲವು ಪ್ರೋಟೀನುಗಳು ಹುಟ್ಟಾ ಬಾಗಿದವು. ಅವುಗಳ ತಗ್ಗಾದ ಮೈಯಲ್ಲಿರುವ ಧನ ವಿದ್ಯುದಂಶವು ಲಿಪಿಡ್‌ಗಳ ಋಣ ವಿದ್ಯುದಂಶಕ್ಕೆ ಅಂಟಿಕೊಳ್ಳುವುದರಿಂದ ಪೊರೆಯೂ ಅದೇ ಬಾಗನ್ನು ಪಡೆಯುತ್ತದೆ. ಇವುಗಳ ಮೇಲೆ ಮೂರು ಕಾಲಿನ ಕ್ಲಾಥ್ರಿನ್ ಅಣುಗಳು ಹೆಣೆದುಕೊಂಡು ಪಂಜರ ಕಟ್ಟುತ್ತವೆ. ಬರೀ ಷಟ್ಕೋನಗಳಿದ್ದರೆ ಆ ಹೆಣಿಗೆ ಚಪ್ಪಟೆಯಾಗಿಯೇ ಉಳಿಯುತ್ತದೆ, ನಡುನಡುವೆ 12 ಪಂಚಕೋನಗಳು ಸೇರಿದಾಗ ಮಾತ್ರ ದುಂಡಗೆ ಮುಚ್ಚಿಕೊಳ್ಳುತ್ತದೆ. ಕ್ಲಾಥ್ರಿನ್ ಪೊರೆಯನ್ನು ತಾನೇ ಬಾಗಿಸುತ್ತದೆಯೋ ಬಾಗಿದ್ದನ್ನು ಹಿಡಿದು ನಿಲ್ಲಿಸುತ್ತದೆಯೋ ಎಂಬುದು ತಜ್ಞರ ನಡುವೆ ಇನ್ನೂ ಚರ್ಚೆಯಲ್ಲಿದೆ.

ಈಗ ಪುರಾವೆಗೆ ಬರೋಣ. ಜೀವಕೋಶವೇ ಇಲ್ಲದೆ, ಬರೀ ಲಿಪಿಡ್‌ನಿಂದ ಮಾಡಿದ ದುಂಡನೆಯ ಗುಳ್ಳೆಗಳಿಗೆ ಶುದ್ಧೀಕರಿಸಿದ ಎಪ್ಸಿನ್ ಅಥವಾ ಬಾರ್ ಪ್ರೋಟೀನನ್ನು ಬೆರೆಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗುಳ್ಳೆಗಳು ಸಣ್ಣ ಕೊಳವೆಗಳಾಗಿ ಎಳೆದುಕೊಂಡಿರುವುದು ಕಾಣುತ್ತದೆ. ಇನ್ನೊಂದು ಪುರಾವೆ ನೊಣದಿಂದ ಬಂದದ್ದು, ನನ್ನ ಮಟ್ಟಿಗೆ ಹೆಚ್ಚು ಮನ ಮುಟ್ಟುವಂಥದ್ದು. ನಿಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ ತುಂಬಿದ ಚೀಲದ ಬಾಯಿಗೆ ಹುರಿ ಸುತ್ತಿ ಬಿಗಿಯುವ ಹಾಗೆ, ಡೈನಮಿನ್ ಎಂಬ ಪ್ರೋಟೀನು ವೆಸಿಕಲ್‌ನ ಕತ್ತಿಗೆ ಸುರುಳಿಯಾಗಿ ಸುತ್ತಿಕೊಂಡು, ಜಿಟಿಪಿ ಅಣುವನ್ನು ಒಡೆದು ಪಡೆದ ಶಕ್ತಿಯಿಂದ ಬಿಗಿದು, ಅದನ್ನು ಪೊರೆಯಿಂದ ತುಂಡರಿಸುತ್ತದೆ. ಹಣ್ಣಿನ ನೊಣಗಳಲ್ಲಿ ಶಿಬಿರೆ ಎಂಬ ಒಂದು ವಿಕೃತ ತಳಿಯಿದೆ. ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ದಾವಣಗೆರೆಯ ಮಾರ್ಚ್ ಮಧ್ಯಾಹ್ನಕ್ಕಿಂತ ಕಡಿಮೆ ಬಿಸಿಗೇ ಅವು ಕೈಕಾಲು ಆಡದೆ ಬೀಳುತ್ತವೆ, ತಂಪಿಗೆ ತಂದರೆ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡುತ್ತವೆ. ಬಿದ್ದ ನೊಣದ ನರತುದಿಯನ್ನು ಪರೀಕ್ಷಿಸಿದಾಗ, ಪೊರೆ ಬಾಗಿ ಚೀಲದ ಆಕಾರ ಪಡೆದಿದ್ದರೂ ಕತ್ತು ತುಂಡಾಗದೆ ಅಲ್ಲಲ್ಲೇ ಅಂಟಿಕೊಂಡಿರುವುದು ಕಂಡಿತು. ಕೆಟ್ಟಿರುವುದು ಡೈನಮಿನ್‌ನ ಜೀನ್ ಎಂದು 1991ರಲ್ಲಿ ತಿಳಿದುಬಂತು. ಡೈನಮಿನ್ ಕೆಲಸ ನಿಲ್ಲಿಸಿದಾಗಲೂ ಪೊರೆ ಬಾಗಿತ್ತು ಎಂಬುದನ್ನು ಗಮನಿಸಿ. ಬಾಗಿಸುವ ಪ್ರೋಟೀನುಗಳೇ ಬೇರೆ, ಕತ್ತರಿಸುವ ಪ್ರೋಟೀನೇ ಬೇರೆ ಎಂಬುದು ಹೀಗೆ ಜೀವಂತ ಪ್ರಾಣಿಯಲ್ಲೇ ಸ್ಪಷ್ಟವಾಯಿತು.